ನಾನು ಹಾಕಿದ ಎರಡು ತಂತಿ

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮೂಡುಬಿದಿರೆಯ ಮೋಟಾರ್ ವೈಂಡಿಂಗ್ ಅಂಗಡಿಗೆ ಸೇರಿದವನು ನಾನು. ಅಲ್ಲಿ ಕಲಿತ ಮೊದಲ ಪಾಠ, ತಂತಿಯ ಎರಡು ತುದಿಗೆ ಮೀಟರ್ ಹಿಡಿದಾಗ ಬೀಪ್ ಬಂದರೆ ಸರಿ, ಬಾರದಿದ್ದರೆ ಒಳಗೆ ಕಡಿದಿದೆ ಎಂದು. ಅದರಿಂದಲೇ ನನ್ನ ಊಟ ನಡೆದಿದೆ.

ತಂಗಿ ಎಸ್ಸೆಸ್ಸೆಲ್ಸಿ ಮುಗಿಸಿದ ರಜೆಯಲ್ಲಿ, ಬೆಳುವಾಯಿಯ ನಮ್ಮ ಮನೆಯಲ್ಲಿ, ಬಾವಿಯ ಪಂಪು ಓಡುತ್ತಿದೆಯೇ ಎಂದು ಅಡುಗೆಮನೆಯಲ್ಲಿ ತಿಳಿಸುವ ಒಂದು ಬೋರ್ಡ್ ಮಾಡುತ್ತಿದ್ದಳು. ಮೊಬೈಲ್ ನೋಡಿಯೇ ಕಲಿತದ್ದು. ಅದು ಸರಿಯಾದರೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾಗೆ ಸೇರಿಸುತ್ತೇನೆಂದು ಅಮ್ಮ ಒಪ್ಪಿದ್ದಳು. ಆದರೆ ಬೋರ್ಡಿನ ದೀಪ ಉರಿಯಲಿಲ್ಲ. ಪಂಪಿನ ಕಡೆಯ ವಯರ್ ಸಡಿಲವಾಗಿದೆಯೇ ನೋಡಲು ನನಗೆ ಹೇಳಿ ಅವಳು ಪೇಟೆಗೆ ಹೋದಳು.

ಎಲ್ಲ ಕಡೆ ಬೀಪ್ ಬಂತು. ಬೋರ್ಡಿನ ನಡುವೆ ನಾಲ್ಕು ಕಾಲಿನ ಒಂದು ಕಪ್ಪು ಚಿಪ್ ಇತ್ತು, ಆಪ್ಟೋಕಪ್ಲರ್ ಎನ್ನುತ್ತಿದ್ದಳು. ಅದರ ಆಚೆ, ಪಂಪಿನ ಕಡೆಯ ಕಾಲಿನಿಂದ ಈಚೆಯ ಕಾಲಿಗೆ ಮಾತ್ರ ಬೀಪ್ ಇಲ್ಲ. ಹಾಳಾಗಿದೆ ಎಂದುಕೊಂಡೆ. ಬೋರ್ಡಿನ ಅಡಿಯಲ್ಲಿ ಎರಡು ತುಂಡು ತಂತಿ ಬೆಸೆದು ಎರಡೂ ಬದಿಯನ್ನು ಸೇರಿಸಿದೆ. ಅವಳು ಬಂದಾಗ ಹೇಳಲಿಲ್ಲ. ದೀಪ ಉರಿದ ಮೇಲೆ ಹೇಳಿ ದೊಡ್ಡವನಾಗುವ ಆಸೆ.

ಅವಳು ಪ್ರೋಗ್ರಾಮಿನಲ್ಲಿ ತಪ್ಪಿದೆಯೇ ನೋಡಲು ಬೋರ್ಡನ್ನು ಲ್ಯಾಪ್‌ಟಾಪಿಗೆ ಸೇರಿಸಿ ಪಂಪು ಹಾಕಿದಳು. ದೊಡ್ಡ ಸದ್ದಾಯಿತು. ಬೋರ್ಡ್ ಕರಕಲಾಯಿತು, ಮಾವ ಕೊಲ್ಲಿಯಿಂದ ತಂದುಕೊಟ್ಟಿದ್ದ ಲ್ಯಾಪ್‌ಟಾಪ್ ಸತ್ತಿತು. ನಾನು ಮೈನ್ ಸ್ವಿಚ್ ಆಫ್ ಮಾಡಿದೆ. ಅವಳಿಗೆ ಅಮ್ಮ ನೀರು ಕುಡಿಸುತ್ತಿದ್ದಾಗ ಆ ಎರಡು ತಂತಿಗಳನ್ನು ಕಿತ್ತು ಕಿಸೆಗೆ ಹಾಕಿಕೊಂಡೆ.

ಎಷ್ಟೋ ದಿನ ಅವಳು ತನ್ನ ತಪ್ಪನ್ನು ಹುಡುಕಿದಳು. ಕೊನೆಗೆ ಕೇಳಿದಳು, "ಅಣ್ಣ, ನನ್ನ ಕೈಯಿಂದಲೇ ಆದದ್ದಲ್ವಾ?"

"ಇರ್ಬೇಕು" ಎಂದೆ.

ಅಮ್ಮ ಡಿಪ್ಲೊಮಾ ಬೇಡವೆಂದಳು. ತಂಗಿ ಕಾಮರ್ಸ್‌ಗೆ ಸೇರಿದಳು.

ಈ ವರ್ಷ ನಮ್ಮ ಅಂಗಡಿಯ ಪಕ್ಕದ ಟಿವಿ ರಿಪೇರಿಯವರ ಮೇಜಿನ ಮೇಲೆ ಅಂಥದೇ ಚಿಪ್ ಕಂಡು, ಆಚೆಯಿಂದ ಈಚೆಗೆ ಬೀಪ್ ಬಾರದಿದ್ದರೆ ಹಾಳಲ್ಲವೇ ಎಂದು ವಿಚಾರಿಸಿದೆ. ಅವರು ನಕ್ಕರು. "ಒಳಗೆ ತಂತಿ ಇಲ್ಲ ಮಾರಾಯ. ಆಚೆ ಒಂದು ಸಣ್ಣ ದೀಪ, ಈಚೆ ಅದನ್ನು ನೋಡುವ ಕಣ್ಣು. ಪಂಪಿನ ಕರೆಂಟು ಈಚೆ ಬರಬಾರದು ಅಂತಲೇ ಅದನ್ನು ಹಾಕುವುದು. ಬೀಪ್ ಬಂದರೆ ಅದು ಹಾಳು."

ಅಂದು ಸಂಜೆ ತಂಗಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಯಾವ ಕಾಲಿನಿಂದ ಯಾವ ಕಾಲಿಗೆ ತಂತಿ ಹಾಕಿದ್ದೆ ಎಂದು ಕೇಳಿ ತಿಳಿದುಕೊಂಡಳು.

"ಹಾಗಾದ್ರೆ ನನ್ನ ಬೆಸುಗೆ ಸರಿ ಇತ್ತು?"

"ಸರಿ ಇತ್ತು. ಎಲ್ಲ ಕಡೆ ಬೀಪ್ ಬಂದಿತ್ತು."

"ಅಮ್ಮನಿಗೆ ನೀನೇ ಹೇಳು."

ಅಮ್ಮ ಬೀಡಿ ಕಟ್ಟುತ್ತಿದ್ದಳು. ಎಲ್ಲ ಕೇಳಿ ಮೊರವನ್ನು ಬದಿಗಿಟ್ಟಳು. ಆಮೇಲೆ ನನ್ನನ್ನು ಬಿಟ್ಟು ತಂಗಿಯನ್ನು ನೋಡಿದಳು. ಡಿಪ್ಲೊಮಾಗೆ ಈಗಲೂ ಸೇರಬಹುದಾ ಎಂದು ಕೇಳಿದಳು.

"ಸೇರ್ಬಹುದಮ್ಮ. ಆದ್ರೆ ನಂಗೆ ಈಗ ಪ್ಲಗ್ ಹಾಕ್ಲಿಕ್ಕೂ ಹೆದರಿಕೆ ಉಂಟು" ಎಂದಳು ತಂಗಿ.