ಸಾಹೇಬ್ರು ಚಹಾಕ್ಕ ಬಂದಾಗ ಗಿರಣಿ ಸಪ್ಪಳ

ಕಾರಟಗಿಯ ಒಂದು ಅಕ್ಕಿ ಗಿರಣಿ ಕಂಪನಿಯಲ್ಲಿ ನಮ್ಮ ಹೂಡಿಕೆ ಫಂಡು ಹಣ ಹಾಕಬಹುದೋ ಇಲ್ಲವೋ ಎಂದು ನಾನು ಹೇಳಬೇಕಿತ್ತು. ಅದರ ಲಾಭ ವರ್ಷವರ್ಷವೂ ಒಂದೇ ಸಮ. ಅದು ಕಂಪನಿ ನಡೆಸುವ ಮುಖ್ಯಸ್ಥರ ಗುಣವೋ, ಅವರ ಅದೃಷ್ಟವೋ ತಿಳಿಯಲು ಮೂವತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ. ಗೇಟಿನೆದುರಿನ ಚಹಾದಂಗಡಿಯಲ್ಲಿ ಸಿಕ್ಕ ಭತ್ತದ ವ್ಯಾಪಾರಿ ಶರಣಪ್ಪನವರು ಆ ಕಂಪನಿಯ ಹಳೇ ಷೇರುದಾರರು. ನನ್ನ ಪಟ್ಟಿಯನ್ನು ಓದಿ, ಮಡಚಿ, ನನ್ನ ಜೇಬಿಗೇ ತುರುಕಿದರು.

“ಇದೆಲ್ಲಾ ಬ್ಯಾಡ್ರಿ. ಸಾಹೇಬ್ರನ್ನ ಚಹಾಕ್ಕ ಕರಿತೀನಿ, ನೀವು ಗಿರಣಿ ಸಪ್ಪಳ ಕೇಳ್ರಿ. ಅವ್ರು ಹೊರಗ ಬಂದ ಕೂಡ್ಲೇ ಭತ್ತ ಸುರಿಯೋರು ಕೈ ಬಿಟ್ರ, ಮಷೀನು ಖಾಲಿ ಓಡಿ ಸಪ್ಪಳ ಬದಲಾಗತೈತಿ. ನಾನು ಆಗಾಗ ಹಿಂಗ ನೋಡ್ತೀನಿ.”

ಮುಖ್ಯಸ್ಥರು ಬಂದರು. ನಮಸ್ಕಾರ ಹೇಳಲು ಬಾಯಿ ತೆರೆದೆ. ಶರಣಪ್ಪನವರು ತುಟಿಗೆ ಬೆರಳಿಟ್ಟರು. ನಾವಿಬ್ಬರೂ ಕತ್ತು ವಾಲಿಸಿ ನಿಂತದ್ದು ಕಂಡು ಮುಖ್ಯಸ್ಥರೂ ಗಾಬರಿಯಿಂದ ಕಿವಿಗೊಟ್ಟರು. ಚಹಾದವನು ಸ್ಟೋವ್ ಆರಿಸಿದ. ಗಂಗಾವತಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ನಗು ತಡೆಯಲಾಗದೆ ನಾನು ಅಂಗಿ ಮೇಲೆ ಚಹಾ ಚೆಲ್ಲಿಕೊಂಡೆ. ಗಿರಣಿಯದು ಮಾತ್ರ ಅದೇ ಗುಂಯ್ ಗುಂಯ್.

“ಏನಾತ್ರಿ?” ಮುಖ್ಯಸ್ಥರು ಪಿಸುಗುಟ್ಟಿದರು.

“ಏನೂ ಆಗ್ಲಿಲ್ರಿ. ಅದಕ್ಕ ನಾನಿನ್ನೂ ಷೇರು ಮಾರಿಲ್ಲ,” ಎಂದರು ಶರಣಪ್ಪನವರು.

ಖುಷಿಯಲ್ಲಿ ನಮ್ಮ ಆಫೀಸಿಗೆ ಫೋನ್ ಹಚ್ಚಿದೆ. ಮ್ಯಾನೇಜರು ಹೊರಗೆ ಹೋಗಿದ್ದರಂತೆ. ಫೋನಿನಲ್ಲಿ ಹಿಂದಿನಿಂದ ಕ್ಯಾರಂ ಕಾಯಿಗಳ ಸಪ್ಪಳ ಬರುತ್ತಿತ್ತು. ಶರಣಪ್ಪನವರಿಗೆ ಕೇಳಿಸದಿರಲೆಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ.