ಯೋರಿಸನ ನೀಲಿ ಮರಗಳು

ಎಪ್ಪತ್ತೊಂದನೆಯ ವಯಸ್ಸಿನಲ್ಲೂ ವೆಂಡೆಲಾ ಹಳದಿ ಬಣ್ಣ ಕಾಯಿಸುತ್ತಿದ್ದಳು. ಹಾರ್ಲೆಮ್ ಊರಿನಲ್ಲಿ ಗಿಡಮರ ಬರೆಯುವ ಚಿತ್ರಕಾರರಿಗೆಲ್ಲ ಅವಳ ಹಳದಿಯೇ ಬೇಕು. ವಿಧವೆಯರ ವಠಾರದ ಹಿತ್ತಲಿನಲ್ಲಿ ಒಂದು ಜಾತಿಯ ಕಾಡುಗಿಡವನ್ನು ಹೂವಿನ ಸಮೇತ ಕುದಿಸಿ, ಪಟಿಕ ಹಾಕಿ, ಆ ರಸವನ್ನು ಸೀಮೆಸುಣ್ಣದ ಪುಡಿಗೆ ಕುಡಿಸಿ ಒಣಗಿಸುತ್ತಿದ್ದಳು. ಅಗಸೆ ಎಣ್ಣೆಯಲ್ಲಿ ಅರೆದು ನೀಲಿಯ ಮೇಲೆ ತೆಳ್ಳಗೆ ಎಳೆದರೆ ಹಸಿರಾಗಿ, ಎಲೆಯೊಳಕ್ಕೆ ಬಿಸಿಲು ಹೊಕ್ಕ ಹಾಗೆ ಕಾಣುತ್ತಿತ್ತು.

ಅವಳ ಗಂಡ ಯೋರಿಸ್ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಅವನೂ ಚಿತ್ರಕಾರನೇ. ಅವನ ಗುರುವಿನ ಗುರುವಿನ ಕಾಲದಲ್ಲಿ ಮರ, ಹೊಳೆ, ದಿಬ್ಬಗಳೆಲ್ಲ ಚಿತ್ರದಲ್ಲಿ ಸಂತರ ಬೆನ್ನ ಹಿಂದೆ ನಿಲ್ಲಬೇಕಾಗಿತ್ತು. ಚರ್ಚುಗಳು ಚಿತ್ರ ಬರೆಸುವುದನ್ನು ಬಿಟ್ಟ ಮೇಲೆ ಸಂತರು ಹೊರಟುಹೋದರು, ಮರಗಳು ಉಳಿದುಕೊಂಡವು. ಯೋರಿಸನ ಹೊತ್ತಿಗೆ ರೊಟ್ಟಿ ಸುಡುವವನ ಮನೆಯ ಗೋಡೆಯ ಮೇಲೂ ಒಂದು ಮರಳುದಿಬ್ಬ, ಅದರ ಮೇಲೆ ಮುಕ್ಕಾಲು ಪಾಲು ಆಕಾಶ.

ವೆಂಡೆಲಾಳ ತಂದೆಗೆ ಇದು ಅರ್ಥವಾಗುತ್ತಿರಲಿಲ್ಲ. ಅವನು ನಾರುಬಟ್ಟೆಯನ್ನು ಬಯಲಿನಲ್ಲಿ ಹಾಸಿ ಬಿಸಿಲಿಗೆ ಬಿಳುಪು ಮಾಡುವ ಕೆಲಸದವನು.

"ದಿನಾ ನೋಡೋ ದಿಬ್ಬಾನ ಮನೇಲೂ ನೋಡ್ಬೇಕೇನಪ್ಪಾ?" ಎಂದು ಅಳಿಯನನ್ನು ಕೆಣಕಿದ್ದ.

"ದಿನಾ ನೀವು ನೋಡೋದು ಬಟ್ಟೇನ, ಮಾವ. ದಿಬ್ಬಾನ ಯಾವತ್ತು ನೋಡಿದ್ರಿ?" ಎಂದಿದ್ದ ಯೋರಿಸ್.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಆ ಬಯಲನ್ನೇ ಅವನು ಬರೆದ. ಬೆಳಿಗ್ಗೆ ಇಬ್ಬರೂ ಹೊರಡುತ್ತಿದ್ದರು. ಅವನು ಕಾಗದದ ಮೇಲೆ ಗೆರೆ ಎಳೆಯುವನು, ಅವಳು ರೊಟ್ಟಿ, ಚೀಸು ಮಡಿಲಲ್ಲಿಟ್ಟುಕೊಂಡು ಕೂರುವಳು. ಮನೆಗೆ ಬಂದು ಬಣ್ಣ ಹಾಕುವುದು. ದಾರಿಯ ಬದಿಯ ಮೂರು ಓಕ್ ಮರಗಳಿಗೆ ಸೀಸದ ಹಳದಿ ಹಾಕುತ್ತೇನೆ, ಅದು ಗಟ್ಟಿ ಎಂದು ಅವನು ಹೊರಟಾಗ ಅವಳು ಬಿಡಲಿಲ್ಲ.

"ಅದನ್ನ ಹಾಕಿದ್ರೆ ಎಲೆ ಕಾಣ್ಸಲ್ಲ, ಬೆಣ್ಣೆ ಮೆತ್ತಿದ ಹಾಗಿರುತ್ತೆ. ನನ್ನದು ಹಾಕು."

"ನಿನ್ನದು ಮಾಸದೆ ನಿಲ್ಲುತ್ತಾ?"

"ನಾನು ನಿಂತಿಲ್ವಾ ನಿನ್ನ ಹತ್ರ? ಅದೂ ನಿಲ್ಲುತ್ತೆ."

ಅವನು ನಕ್ಕು ಅವಳ ಹಳದಿಯನ್ನೇ ಹಾಕಿದ. ಚಿತ್ರವನ್ನು ವಠಾರದವರು ಕೊಂಡು ಸಭೆಯ ಕೋಣೆಯಲ್ಲಿ, ದೊಡ್ಡ ಕಿಟಕಿಗೆ ಎದುರಾಗಿ ತೂಗುಹಾಕಿದರು. ಎಲ್ಲರ ಪಾಲಿಗೂ ಅದೇ ಒಳ್ಳೆಯ ಜಾಗ.

ಐವತ್ತು ವರ್ಷ ಕಳೆಯಿತು. ಹೊರಗೆ ಓಕ್ ಮರಗಳನ್ನು ಕಡಿದರು, ದಿಬ್ಬವನ್ನು ಅಗೆದು ಮರಳನ್ನು ದೋಣಿಗಳಲ್ಲಿ ಸಾಗಿಸಿದರು. ಚಿತ್ರದಲ್ಲಿ ಮರಗಳು ಉಳಿದಿದ್ದವು, ಆದರೆ ನೀಲಿಯಾಗಿದ್ದವು. ವಠಾರದ ಹೆಂಗಸರು ಅದನ್ನು ನೋಡಿ ನಗುತ್ತಿದ್ದರು. ತನ್ನ ಹಳದಿ ಹಾರಿಹೋಗಿ ಅಡಿಯ ನೀಲಿ ಮಾತ್ರ ಉಳಿದಿದೆ ಎಂದು ವೆಂಡೆಲಾಳಿಗೆ ಗೊತ್ತಿತ್ತು. ಬಿಸಿಲು ಬಣ್ಣ ಕುಡಿಯುತ್ತದೆ ಎಂಬುದನ್ನು ಬಟ್ಟೆ ಬಿಳುಪು ಮಾಡುವವನ ಮಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಏಪ್ರಿಲ್ ಬೆಳಿಗ್ಗೆ ಲ್ಯೂಬರ್ಟ್ ಎಂಬ ಚಿತ್ರಕಾರ ಹಳದಿ ಕೊಳ್ಳಲು ಬಂದ.

"ಯಾವ ಮರಕ್ಕೆ?" ಎಂದು ಕೇಳಿದಳು. ಅದು ಅವಳು ಎಲ್ಲರನ್ನೂ ಕೇಳುವ ಪ್ರಶ್ನೆ.

"ನಿಮ್ಮ ವಠಾರದ್ದಕ್ಕೇ, ಅಜ್ಜಿ. ಆ ನೀಲಿ ಮರಗಳ ಮೇಲೆ ಹೊಸದಾಗಿ ಎಲೆ ಬರಿ ಅಂದಿದ್ದಾರೆ ಸಿಬಿಲಾ ಅಮ್ಮಾವ್ರು. ಪಾಪ, ಯಾರು ಬರೆದಿದ್ದೋ, ಹಸಿರು ಬೆರೆಸೋದಕ್ಕೂ ಬರ್ತಿರ್ಲಿಲ್ಲ."

"ನನ್ನ ಗಂಡ ಬರೆದಿದ್ದು."

ಲ್ಯೂಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವೆಂಡೆಲಾ ಹಳದಿಯ ಡಬ್ಬಿಯ ಮುಚ್ಚಳ ಹಾಕಿದಳು. ಹೊಸ ಎಲೆ ಒಂದು ಸಲ ಮೇಲೆ ಬಿದ್ದರೆ ಯೋರಿಸನ ಕೊಂಬೆಗಳು ಶಾಶ್ವತವಾಗಿ ಅಡಿಗೆ ಹೋಗುತ್ತವೆ. ಅವನ ಕೈಯ ಚಿತ್ರ ಊರಿನಲ್ಲಿ ಬೇರೆ ಯಾವುದೂ ಉಳಿದಿರಲಿಲ್ಲ.

"ನಡಿ," ಎಂದಳು. "ಮೊದಲು ಅಮ್ಮಾವ್ರ ಹತ್ರ ಮಾತಾಡ್ಬೇಕು."

ವಠಾರದ ಮೇಲ್ವಿಚಾರಕಿ ಸಿಬಿಲಾ ಸಭೆಯ ಕೋಣೆಯಲ್ಲಿ ಕಾಗದಪತ್ರ ನೋಡುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದಳು.

"ಹಸಿರು ಇತ್ತು, ಆಮೇಲೆ ಹೋಯ್ತು ಅಂತೀಯ. ಗಂಡನ ಪರ ಎಲ್ಲ ಹೆಂಡತಿಯರೂ ಮಾತಾಡ್ತಾರೆ, ವೆಂಡೆಲಾ."

"ನಾನು ಗಂಡನ ಪರ ಮಾತಾಡ್ತಿಲ್ಲ, ಅಮ್ಮಾವ್ರೆ. ನನ್ನ ತಪ್ಪು ಹೇಳ್ತಿದ್ದೀನಿ. ಅವನು ಬೇಡ ಅಂದ, ನಾನೇ ಹಟ ಹಿಡಿದು ಹಾಕಿಸ್ದೆ."

"ಊರವರಿಗೆ ಗೊತ್ತಾದ್ರೆ ನಿನ್ನ ಹಳದಿ ಯಾರು ಕೊಳ್ತಾರೆ?"

"ಬೇಕಾದೋರು ಕೊಳ್ಳಲಿ. ಲ್ಯೂಬರ್ಟ್, ಆ ಚೌಕಟ್ಟು ಬಿಚ್ಚಪ್ಪ."

ಅವಳ ತಂದೆಯ ಬಯಲಿನಲ್ಲಿ ಬಟ್ಟೆಯ ಅಂಚು ಮಡಿಚಿಕೊಂಡರೆ, ಮಡಿಕೆಯ ಒಳಗೆ ಹಳೆಯ ಬಣ್ಣ ಹಾಗೆಯೇ ಉಳಿಯುತ್ತಿತ್ತು. ಆ ಲೆಕ್ಕದಲ್ಲೇ ಅವಳು ಕೇಳಿದ್ದು. ಲ್ಯೂಬರ್ಟ್ ಚಿತ್ರವನ್ನು ಇಳಿಸಿ, ಮೇಜಿನ ಮೇಲೆ ಮಲಗಿಸಿ, ಮೊಳೆ ಕಿತ್ತು ಕಪ್ಪು ಮರದ ಚೌಕಟ್ಟನ್ನು ಎತ್ತಿದ.

ಬಲಗಡೆಯ ಅಂಚಿನಲ್ಲಿ, ಚೌಕಟ್ಟಿನ ಅಡಿ ಐವತ್ತು ವರ್ಷ ಬೆಳಕು ಕಾಣದೆ ಇದ್ದ ಬೆರಳಗಲದ ಪಟ್ಟಿಯಲ್ಲಿ, ಓಕ್ ಎಲೆಗಳು ಹಸಿರಾಗಿದ್ದವು. ಆಗ ತಾನೇ ಮಳೆ ನಿಂತಂತಹ ಹಸಿರು. ಅದೇ ಕೊಂಬೆ ಪಟ್ಟಿ ದಾಟಿದ ಕೂಡಲೇ ನೀಲಿಗೆ ತಿರುಗಿತ್ತು.

ಸಿಬಿಲಾ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಲ್ಯೂಬರ್ಟ್ ಇನ್ನೂ ಹೆಚ್ಚು ಹೊತ್ತು ನೋಡಿದ.

"ಈ ಹಸಿರು ನನ್ನ ಕೈಲಿ ಆಗಲ್ಲ, ಅಮ್ಮಾವ್ರೆ," ಎಂದ. "ಆಗೋದಾದ್ರೂ ಅಜ್ಜಿ ಹಳದೀಲೇ ಮಾಡ್ಬೇಕು. ಮತ್ತೆ ನೀಲಿ ಆಗುತ್ತೆ."

"ಹಾಗಾದ್ರೆ ಮುಟ್ಟೋದು ಬೇಡ," ಎಂದಳು ಸಿಬಿಲಾ. "ಕಿಟಕಿ ಎದುರು ಬೇಡ, ಒಳಗೋಡೆಗೆ ಹಾಕು. ಯೋರಿಸನಿಗೆ ಹಸಿರು ಬೆರೆಸೋಕೆ ಬರ್ತಿತ್ತು ಅಂತ ನಗೋರಿಗೆ ನಾನೇ ಹೇಳ್ತೀನಿ. ನಿನ್ನ ಹಳದಿ ಮಾತ್ರ ಮೋಸದ್ದು, ವೆಂಡೆಲಾ."

"ಹೌದು, ಅಮ್ಮಾವ್ರೆ."

ಆ ಪಟ್ಟಿಯ ತಳದಲ್ಲಿ ದಾರಿಯ ತುದಿಯೂ ಚೂರು ಕಾಣುತ್ತಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ಅವಳ ತವರಿನ ಬಾಗಿಲಿತ್ತು. ಅಮ್ಮ ಮಜ್ಜಿಗೆಯ ಗಡಿಗೆಯನ್ನು ಆ ಮರಗಳ ನೆರಳಿಗೇ ತಂದಿಡುತ್ತಿದ್ದಳು, ಯೋರಿಸ್ ಎರಡು ಲೋಟ ಕುಡಿದು ಮೂರನೆಯದಕ್ಕೆ ಅಮ್ಮನ ಮುಖ ನೋಡುತ್ತಿದ್ದ. ವೆಂಡೆಲಾ ಆ ಹಸಿರನ್ನು ಬೆರಳಿಂದ ಮುಟ್ಟಲಿಲ್ಲ.

ಲ್ಯೂಬರ್ಟ್ ಮೊಳೆಗಳನ್ನು ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಇನ್ನೂ ನೋಡಿ ಅಜ್ಜಿ, ನನಗೇನು ಅವಸರ ಇಲ್ಲ."

"ಬೇಡ, ಮುಚ್ಚು," ಎಂದಳು. "ನಾವು ನೋಡ್ತಾ ಕೂತ್ರೆ ಇದೂ ಹೋಗುತ್ತೆ."