ರೇಷ್ಮಾ ಮಾತ್ರೆ ನುಂಗಿದ್ದಳು

ರಕ್ತ ಮೊದಲು ಕಂಡಿದ್ದು ನನಗಲ್ಲ, ಪಕ್ಕದ ಮನೆಯ ಹೆಂಗಸಿಗೆ. ಗೋವಾದ ಉಸಗಾಂವದ ನಮ್ಮ ಚಾಳಿನಲ್ಲಿ ಆರು ಮನೆಗೆ ಒಂದೇ ಸಂಡಾಸ. "ನಿಮ್ಮ ಹುಡುಗಿ ಹೋಗಿಬಂದ ಮ್ಯಾಲೆ ರಕ್ತ ಬಿದ್ದಿತ್ರಿ. ದೊಡ್ಡಾಕಿ ಆದಳೇನು?" ಎಂದು ನಗುತ್ತ ಕೇಳಿದಳು. ರೇಷ್ಮಾಗೆ ಆಗ ಹನ್ನೊಂದು ವರ್ಷ. ನಾನೂ ಹಾಗೇ ತಿಳಿದೆ. ಕರೆದು ಕೇಳಿದರೆ ಮಗಳು ತಲೆ ಎತ್ತಲಿಲ್ಲ.

"ಅದಲ್ಲ ಅಮ್ಮಿ. ಸಂಡಾಸದಾಗ ರಕ್ತ ಬರಾಕತ್ತೇತಿ. ಭಾಳ ದಿನ ಆತು."

ಎರಡು ತಿಂಗಳಿಂದ ಮುಚ್ಚಿಟ್ಟಿದ್ದಳು.

ನಮ್ಮವರು ಗಣಿಯ ಟಿಪ್ಪರ್ ಓಡಿಸುತ್ತಾರೆ. ರಜೆ ಹಾಕಿ ಬಂದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು, ರಕ್ತ ಪರೀಕ್ಷೆ ಮಾಡಿದರು. ಕರುಳಿನ ಟಿಬಿ ಇರಬಹುದು ಎಂದರು. ನೋಡಲು ಅದರ ಥರವೇ ಇರುವ ಬೇರೆ ರೋಗವೂ ಇದೆ ಎಂದು ನನಗೆ ಗೊತ್ತಾದದ್ದು ಆಮೇಲೆ. ಟಿಬಿ ಮಾತ್ರೆ ಶುರುವಾಯಿತು. ಒಂದು ದಿನವೂ ತಪ್ಪಿಸಬಾರದು ಎಂದು ಹೇಳಿ ಕಳಿಸಿದರು.

ನಾಲ್ಕು ತಿಂಗಳಾದರೂ ರಕ್ತ ನಿಲ್ಲಲಿಲ್ಲ. ಮೈ ಇಳಿಯಿತು. ಬಾಯಲ್ಲಿ ಹುಣ್ಣು, ಮೊಣಕಾಲು ನೋವು. ಒಂದು ಮಧ್ಯಾಹ್ನ ಮನೆಯ ಹಿಂದೆ ಎರಡು ಮಾತ್ರೆ ಬಿದ್ದಿದ್ದು ಕಂಡೆ.

"ವಾಂತಿ ಬಂದಿತ್ತು ಅಮ್ಮಿ. ಅವತ್ತೊಂದೇ ದಿನ," ಎಂದಳು. ನಾನು ನಂಬಲಿಲ್ಲ.

ಹೊಡೆದೆ. ನಿಲ್ಲಲು ತ್ರಾಣವಿಲ್ಲದ ಹುಡುಗಿಗೆ ಹೊಡೆದೆ.

ಅವಳು ಅಳಲಿಲ್ಲ. ಮರುದಿನದಿಂದ ಮಾತ್ರೆ ನುಂಗಿದ ಮೇಲೆ ನನ್ನೆದುರು ನಿಂತು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದಳು. ನಾನೂ ಬಗ್ಗಿ ನೋಡುತ್ತಿದ್ದೆ.

ಗುಣ ಕಾಣದಾಗ ಆಸ್ಪತ್ರೆಯವರೇ ಚೀಟಿ ಬರೆದುಕೊಟ್ಟರು. ಮಕ್ಕಳ ಹೊಟ್ಟೆ, ಕರುಳಿನ ರೋಗಗಳನ್ನೇ ನೋಡುವ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಮುಂಬೈಯಿಂದ ಪಣಜಿಗೆ ಬರುತ್ತಿದ್ದರು. ಹೆಣ್ಣುಮಗಳು, ಮೂಲ ಧಾರವಾಡ. ನಾವು ವಿಜಾಪುರದ ಕಡೆಯವರೆಂದು ತಿಳಿದು ಕನ್ನಡದಲ್ಲೇ ಮಾತಾಡಿದರು. ಮೊದಲು ಹೊಟ್ಟೆ ಮುಟ್ಟಲಿಲ್ಲ. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು.

"ಎಂಟು ವರ್ಷದ ಹುಡುಗಿಯಷ್ಟ ಎತ್ತರ ಅದಾಳ್ರಿ," ಎಂದರು.

"ಮಾತ್ರಿ ಚೆಲ್ಲತಾಳ್ರಿ ಮೇಡಮ್, ಅದಕ್ಕ ಗುಣ ಆಗವಲ್ದು," ಎಂದೆ.

ಅವರು ರೇಷ್ಮಾಳನ್ನೇ ಕೇಳಿದರು. "ಒಂದಕ್ಕ ಹೋದ್ರ ಯಾವ ಬಣ್ಣ ಇರ್ತಿತ್ತವಾ?"

"ಕೇಸರಿ. ದಿನಾ ಕೇಸರಿನ."

"ಆ ಮಾತ್ರಿ ಹೊಟ್ಟಿಗೆ ಹೋದ್ರನ ಹಂಗ ಆಗೋದ್ರಿ," ಎಂದು ಡಾಕ್ಟರ್ ನನ್ನ ಕಡೆ ತಿರುಗಿದರು. "ನಿಮ್ಮ ಮಗಳು ನುಂಗ್ಯಾಳ. ರೋಗನ ಬ್ಯಾರೆ ಇರಬೇಕು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ಕೊಲೊನೊಸ್ಕೋಪಿ ಆಯಿತು, ಬಯಾಪ್ಸಿ ಆಯಿತು. ಕ್ರೋನ್ಸ್ ಎಂಬ ರೋಗ. ಮೈಯನ್ನು ಕಾಯಬೇಕಾದ ಶಕ್ತಿಯೇ ಕರುಳನ್ನು ಸುಡುತ್ತದಂತೆ. ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದರು. ಟಿಬಿ ಮಾತ್ರೆ ಬಿಡಿಸಿ ಸ್ಟೀರಾಯ್ಡ್ ಶುರು ಮಾಡಿದರು. ತರಗತಿಯಲ್ಲಿ ಕೇಳದೆಯೇ ಎದ್ದು ಸಂಡಾಸಕ್ಕೆ ಹೋಗಲು ಬಿಡಿ ಎಂದು ಶಾಲೆಗೂ ಕಾಗದ ಬರೆದುಕೊಟ್ಟರು. ಅದನ್ನು ಓದಿ ರೇಷ್ಮಾ ಎಷ್ಟೋ ತಿಂಗಳ ಮೇಲೆ ನಕ್ಕಳು. ಶಾಲೆಯಲ್ಲಿ ಅವಳು ಏನೇನು ತಡೆದುಕೊಂಡು ಕೂತಿದ್ದಳೆಂದು ನಾನು ಯಾವತ್ತೂ ಕೇಳಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಹೇಳಿದೆ: "ನಾ ಹೊಡದದ್ದು ತಪ್ಪಾತು."

"ಹ್ಞೂಂ," ಎಂದಳು. ಅಷ್ಟೇ. ಅಷ್ಟಕ್ಕೇ ನಿಲ್ಲಿಸಲು ಅವಳಿಗೆ ಹಕ್ಕಿತ್ತು.

ಸ್ಟೀರಾಯ್ಡಿನಿಂದ ಮುಖ ಊದಿಕೊಂಡಿತು. ಆದರೆ ರಕ್ತ ನಿಂತಿತು. ಮಳೆಗಾಲದಲ್ಲಿ ಮತ್ತೆ ಒಮ್ಮೆ ಕಾಣಿಸಿತು. ಈ ಸಲ ಅವಳೇ ಬಂದು ಹೇಳಿದಳು. ಎಸ್‌ಟಿಡಿ ಬೂತಿನಿಂದ ಡಾಕ್ಟರಿಗೆ ಫೋನ್ ಮಾಡಿದೆವು, ಮಾತ್ರೆ ಹೆಚ್ಚಿಸಿದರು. ಈಗ ಎತ್ತರ ಎರಡು ಬೆರಳು ಹೆಚ್ಚಿದೆ.

ಮೊನ್ನೆ ಊರಿಂದ ನಮ್ಮ ನಾದಿನಿ ಬಂದಿದ್ದಳು. ರೇಷ್ಮಾಳ ಗಲ್ಲ ಹಿಡಿದು, "ರೋಗ ವಾಸಿ ಆತೇನ್ ಬೇಟಿ?" ಎಂದು ಕೇಳಿದಳು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದೆ.

"ವಾಸಿ ಆಗೂದಿಲ್ಲ ಫುಪ್ಪಿ," ಎಂದಳು ರೇಷ್ಮಾ. "ಆದ್ರ ನಾ ಆರಾಮ ಅದೀನಿ."